ಸೀರ್ತ್ ಅನ್ನೋ ಅರಬ್ಬಿ ಚರಿತ್ರೆಯೊಳಗ ಮುದಗಲ್ ಹೆಸರು ಐತೇನ್ರಿ? ಸಂಚಿಕೆ ಪ್ರೆಸ್ಸಿಗೆ ಹೋಗೋದೈತಿ

ಮುದಗಲ್ ಡಿಟಿಪಿ (ಪ್ರಶ್ನೆ)

ಎಲ್ಲಾರಿಗೂ ನಮಸ್ಕಾರ್ರಿ. ನಾನು ಲಿಂಗಸುಗೂರಾಗ ಒಂದು ಡಿಟಿಪಿ ಅಂಗಡ್ಯಾಗ ಕೆಲಸ ಮಾಡ್ತೀನಿ, ಊರು ಮುದಗಲ್. ಲಗ್ನಪತ್ರಿಕಿ, ಬಿಲ್ ಬುಕ್, ಜಾತ್ರಿ ಬ್ಯಾನರು, ಎಲೆಕ್ಷನ್ ಬಂದ್ರ ಕರಪತ್ರ, ಇಷ್ಟೇ ನನ್ನ ಪ್ರಪಂಚ. ಇತಿಹಾಸಕ್ಕ ಪಿಯುಸಿಗೇ ಕೈ ಮುಗದೀನಿ.

ಈ ಸಲ ನಮ್ಮ ಚರ್ಚಿನ ಹಬ್ಬಕ್ಕ ಸ್ಮರಣ ಸಂಚಿಕೆ ತರಾಕತ್ತೇವಿ. ಪುಟ ಕಟ್ಟೋದು, ಪ್ರೂಫ್ ನೋಡೋದು, ರಾಯಚೂರಿನ ಆಫ್‌ಸೆಟ್ ಪ್ರೆಸ್ಸಿಗೆ ಮುಟ್ಟಿಸೋದು ಎಲ್ಲಾ ನನ್ನ ಕೊಳ್ಳಿಗೇ ಬಿದ್ದೈತಿ. ಲೇಖನ ಬಂದಾವು, ಜಾಹೀರಾತು ಬಂದಾವು (ರಸಗೊಬ್ಬರದ ಅಂಗಡಿಯವರು ಫುಲ್ ಪೇಜ್ ಕೊಟ್ಟಾರ, ದೇವರು ಅವರಿಗೆ ಒಳ್ಳೇದು ಮಾಡ್ಲಿ). ತಕರಾರು ಇರೋದು ಒಂದ ಕಡೆ. ನಮ್ಮ ದೊಡ್ಡಪ್ಪಾರು ಬರದು ಕೊಟ್ಟ ಲೇಖನದಾಗ ಈ ಸಾಲು ಐತಿ, ಇದ್ದಂಗೇ ಹಾಕೀನಿ ನೋಡ್ರಿ:

"ಕ್ರಿ.ಶ. 295ರಲ್ಲಿ ಬಸ್ರಾ ಪಟ್ಟಣದ ಬಿಷಪ್ ದಾವಿದರು ಭಾರತಕ್ಕೆ ಆಗಮಿಸಿ, ಕೃಷ್ಣಾ ತುಂಗಭದ್ರಾ ನದಿಗಳ ನಡುವಿನ ಮುದಗಲ್ ಸೀಮೆಯಲ್ಲಿ ಸುವಾರ್ತೆ ಸಾರಿದರೆಂದು ಸೀರ್ತ್ ಎಂಬ ಪುರಾತನ ಅರಬ್ಬಿ ಗ್ರಂಥದಲ್ಲಿ ದಾಖಲಾಗಿದೆ."

ನಮ್ಮ ಚರ್ಚು ಆದಿಲ್‌ಶಾಹಿ ಕಾಲದ್ದು, 16ನೇ ಶತಮಾನದ್ದು ಅಂತ ಸಣ್ಣಾಕಿ ಇದ್ದಾಗಿಂದ ಕೇಳೀನಿ. ಅದೇ ಕಡಿಮಿ ಹಳೇದೇನ್ರಿ? ದೊಡ್ಡಪ್ಪಾರು ಅದನ್ನ ಒಮ್ಮೆಲೇ ಸಾವಿರದ ಇನ್ನೂರು ವರ್ಷ ಹಿಂದಕ್ಕ ಜಗ್ಯಾರ. ಎಲ್ಲಿ ಓದಿದ್ರಿ ಅಂದ್ರ "ಪುಸ್ತಕದಾಗ ಐತಿ" ಅಂತಾರ. ಯಾವ ಪುಸ್ತಕ ಅಂದ್ರ "ನೀ ಟೈಪ್ ಮಾಡವಾ ಮೊದಲು" ಅಂತಾರ. ಅವರ ಎದುರು ನಿಂತು ವಾದ ಮಾಡಾಕ ನನಗ ಧೈರ್ಯ ಇಲ್ಲ, ಮ್ಯಾಲ ಮನಸಿಗೆ ನೋವಾಗೋದೂ ಬ್ಯಾಡ. ಆದ್ರ ನಾಳೆ ಯಾರಾರ ಓದಿದವರು ನೋಡಿ ನಕ್ಕರ, ಮರ್ಯಾದಿ ಹೋಗೋದು ಚರ್ಚಿಂದು.

ಈ ಸೀರ್ತ್ ಅಂದ್ರ ಏನು? ಬರದವರ್ಯಾರು? ಖರೇನ ಅದರಾಗ ಹಿಂಗ ಐತೇನು? ಶನಿವಾರ ಫೈಲ್ ಕಳಸಬೇಕ್ರಿ.

ಹಂಪಿ ಎಕ್ಸ್‌ಪ್ರೆಸ್

ಕ್ರೈಸ್ತರ ಇತಿಹಾಸ ಅರಬ್ಬಿಯಲ್ಲಿ ಯಾಕಿರುತ್ತೆ? ಗ್ರೀಕ್, ಲ್ಯಾಟಿನ್ ಅಂದಿದ್ರೆ ನಂಬಬಹುದಿತ್ತು. ಇದು ವಾಟ್ಸಾಪ್ ಯೂನಿವರ್ಸಿಟಿ ಸರಕು. ಪ್ಯಾರಾ ಡಿಲೀಟ್ ಮಾಡಿ, ಶಾಂತವಾಗಿ ನಿದ್ದೆ ಮಾಡಿ.

ಕೋಟೆ ಮಾಸ್ತರ್ ರಾಯಚೂರು

ತಂಗಿ, ಮೊದಲು ನಿಮ್ಮ ಕೆಲಸದ ಮಾತು. ಆ ಸಾಲು ಇದ್ದಂಗ ಅಚ್ಚಿಗೆ ಕೊಡಬ್ಯಾಡ್ರಿ. ದಾವಿದ್ ಅನ್ನೋ ಬಿಷಪ್ಪರು ಆ ಪುಸ್ತಕದಾಗ ಅದಾರ. ಬಸ್ರಾ ಅದ. ಹಿಂದೂಸ್ಥಾನಾನೂ ಅದ. ಆದ್ರ 295 ಇಲ್ಲ, ಎರಡು ನದಿ ಇಲ್ಲ, ಮುದಗಲ್ ಅಂತೂ ಇಲ್ಲೇ ಇಲ್ಲ.

ಹಂಗಂತ ಡಿಲೀಟ್ ಮಾಡಿ ಮಲಗೋ ಪುಸ್ತಕಾನೂ ಅಲ್ಲ ಅದು.

ನಾನು ರಾಯಚೂರಿನವ. ಮದರಸಾದಾಗ ಅರಬ್ಬಿ ಕಲ್ತು, ಸರ್ಕಾರಿ ಹೈಸ್ಕೂಲಿನಾಗ ಉರ್ದು ಕಲಿಸಿ ರಿಟೈರ್ ಆಗೀನಿ. ಈಗಿನ ಕೆಲಸ ಅಂದ್ರ ಕೋಟಿ ಬಾಗಿಲದ ಮ್ಯಾಲಿನ ಫಾರಸಿ ಶಾಸನ ಓದೋದು, ಮೊಮ್ಮಗನ ಟ್ಯಾಬ್ ಕಸಗೊಂಡು ಹಳೇ ಪುಸ್ತಕ ನೋಡೋದು. ಈ ಚರಿತ್ರೆ ಅಂತರ್ಜಾಲದಾಗ ಪುಕ್ಕಟೆ ಸಿಗ್ತದ. ಪ್ಯಾಟ್ರೊಲೊಜಿಯಾ ಓರಿಯೆಂಟಾಲಿಸ್ ಅಂತ ಪ್ಯಾರಿಸ್ಸಿನ ಮಾಲಿಕೆ, ಅದರ 4, 5, 7 ಮತ್ತು 13ನೇ ಸಂಪುಟದಾಗ ಹರಿದು ಹಂಚಿದಂಗ ಅದ. ಪುಟದ ಮ್ಯಾಲಿನ ಅರ್ಧ ಅರಬ್ಬಿ, ಕೆಳಗಿನ ಅರ್ಧ ಫ್ರೆಂಚ್ ಅನುವಾದ. ಫ್ರೆಂಚ್ ನನಗ ಬರೋದಿಲ್ಲ, ಮ್ಯಾಲಿನ ಅರ್ಧ ಸಾಕು.

ಹಂಪಿ ಎಕ್ಸ್‌ಪ್ರೆಸ್ ಅವರೇ, ನಿಮ್ಮ ಅನುಮಾನ ಹೊಸದೇನಲ್ಲ. ನನ್ನ ಜೋಡಿ ಚಹಾ ಕುಡಿಯೋ ಮಂದಿನೂ ಇದನ್ನೇ ಕೇಳ್ತಾರ. ಇರಾಕ್, ಸಿರಿಯಾ, ಈಜಿಪ್ತಿನಾಗ ಇಸ್ಲಾಂ ಬರೋಕಿಂತ ಮುಂಚೆಯಿಂದ ಕ್ರೈಸ್ತರು ಇದ್ರು, ಬಂದ ಮ್ಯಾಲೂ ಇದ್ರು, ಇವತ್ತಿಗೂ ಅದಾರ. ಮೊದಲು ಸಿರಿಯಾಕ್ (ಇರಾಕ್, ಸಿರಿಯಾ ಕಡೆಯ ಕ್ರೈಸ್ತರ ಹಳೇ ಭಾಷಾ), ಗ್ರೀಕ್, ಈಜಿಪ್ತಿನ ಕಾಪ್ಟಿಕ್‌ನಾಗ ಬರೀತಿದ್ರು. ಅಬ್ಬಾಸಿ ಖಲೀಫರ ಕಾಲಕ್ಕ (750ರ ನಂತರ) ಬಾಜಾರಿನ ಮಾತೂ ಅರಬ್ಬಿ, ಕಚೇರಿ ಕಾಗದಾನೂ ಅರಬ್ಬಿ ಆದ ಮ್ಯಾಲ ತಮ್ಮ ಚರಿತ್ರೆನೂ ಅದರಾಗೇ ಬರದ್ರು. ಅಲೆಕ್ಸಾಂಡ್ರಿಯಾದ ಪೇತ್ರಿಯಾರ್ಕ್, ಅಂದ್ರ ಕ್ರೈಸ್ತರ ಹಿರಿಯ ಧರ್ಮಗುರು ಆಗಿದ್ದ ಸಯೀದ್ ಇಬ್ನ್ ಬಿತ್ರೀಕ್ ವೃತ್ತಿಯಿಂದ ಹಕೀಮರು, 940ರಾಗ ತೀರಿಕೊಂಡ್ರು, ಸೃಷ್ಟಿಯಿಂದ ತಮ್ಮ ಕಾಲದ ತನಕ ಒಂದು ಚರಿತ್ರೆ ಬರದಾರ. ಅದೇ ಹೊತ್ತಿಗೆ ಸಿರಿಯಾದ ಮನ್ಬಿಜ್ ಊರಿನ ಬಿಷಪ್ ಅಗಾಪಿಯುಸ್ ಮತ್ತೊಂದು ಬರದ್ರು. ಬಾರ್ ಹೆಬ್ರೇಯುಸ್ ಅಂತ 13ನೇ ಶತಮಾನದ ಪಂಡಿತ, ಸಿರಿಯಾಕ್‌ನಾಗ ದೊಡ್ಡ ಚರಿತ್ರೆ ಬರದು ಮುಗಿಸಿ, ಕೊನೆಗಾಲದಾಗ ಅದನ್ನ ಅರಬ್ಬಿಯೊಳಗ ಸಣ್ಣದು ಮಾಡಿ ಕೊಟ್ರು. ಇವರೆಲ್ಲಾ "ಬಿಸ್ಮಿಲ್ಲಾ"ದ ಧಾಟಿಯೊಳಗೇ ಪುಸ್ತಕ ಶುರು ಮಾಡ್ತಾರ, ಅಲ್ಲಾಹ್ ಅಂತನೇ ದೇವರನ್ನ ಕರೀತಾರ.

ಈಗ ಸೀರ್ತ್. ಅದು ಪುಸ್ತಕದ ಹೆಸರಲ್ಲ, ಊರ ಹೆಸರು. ತುರ್ಕಿ ದೇಶದ ಆಗ್ನೇಯ ಮೂಲ್ಯಾಗ ಅದ, ಈಗ ಸಿಯಿರ್ತ್ ಅಂತಾರ. ಪ್ರತಿ ಅಲ್ಲಿ ಸಿಕ್ಕಿದ್ದಕ್ಕ ಆ ಹೆಸರು ಬಿತ್ತು. ಬರದವರ ಹೆಸರು ಗೊತ್ತಿಲ್ಲ, ಯಾಕಂದ್ರ ಮೊದಲ ಹಾಳಿಗಳೇ ಹೋಗ್ಯಾವ. ಕೊನೆನೂ ಇಲ್ಲ. ನಡುವ 422ರಿಂದ 484ರ ತನಕ ದೊಡ್ಡ ತೂತು. ಉಳಿದದ್ದು 251ರ ಸುಮಾರಿನಿಂದ 650ರ ಸುಮಾರಿನ ತನಕದ ಕಥೆ. ಬರದವರು ಪೂರ್ವದ ಸಭೆಯವರು, ಸಭೆ ಅಂದ್ರ ಚರ್ಚು. ಬಾಗ್ದಾದ್ ಕಡೆಯ ಈ ಸಭೆಯವರನ್ನ ಹೊರಗಿನವರು ನೆಸ್ಟೋರಿಯನ್ನರು ಅಂತಿದ್ರು, ಕೇರಳದ ಸಿರಿಯನ್ ಕ್ರೈಸ್ತರಿಗೆ ಹಳೇ ನಂಟು ಇವರದೇ. ಬರದ ಕಾಲ 10ನೇ ಶತಮಾನ, ಇಲ್ಲಾ 11ರ ಮೊದಲ ಭಾಗ.

ಇದನ್ನ ಗಟ್ಟಿಯಾಗಿ ಹಿಡ್ಕೋರಿ. ದಾವಿದರ ಕಾಲಕ್ಕೂ ಬರದವರ ಕಾಲಕ್ಕೂ ಸುಮಾರು ಆರೇಳು ನೂರು ವರ್ಷದ ಅಂತರ.

ದಾವಿದರ ಬಗ್ಗೆ ಇರೋದು ಒಂದೆರಡು ಸಾಲು ಅಷ್ಟೇ. ಶಹ್‌ಲೂಫಾ ಮತ್ತು ಪಾಪಾ ಅನ್ನೋ ಇಬ್ಬರು ಬಿಷಪ್ಪರ ಕಾಲದಾಗ, ಬಸ್ರಾದ ಬಿಷಪ್ ದೂದಿ, ಅಂದ್ರ ದಾವಿದ್, ಒಳ್ಳೇ ವಿದ್ವಾಂಸ, ತನ್ನ ಪೀಠ ಬಿಟ್ಟು ಹಿಂದ್ ದೇಶಕ್ಕ ಹೋದ, ಅಲ್ಲಿ ಬಹಳ ಮಂದಿಯನ್ನ ಕ್ರೈಸ್ತರನ್ನಾಗಿ ಮಾಡಿದ. ಇಷ್ಟೇ. ಯಾವ ಬಂದರಕ್ಕ ಇಳಿದ್ರು, ಎಷ್ಟು ದಿನ ಇದ್ರು, ತಿರುಗಿ ಹೋದ್ರೋ ಇಲ್ಲೋ, ಏನೂ ಇಲ್ಲ. ಆ ಇಬ್ಬರು ಬಿಷಪ್ಪರ ಕಾಲ ಹಿಡಿದು ಲೆಕ್ಕಾ ಹಾಕಿ ಈಗಿನ ಪಂಡಿತರು "295ರಿಂದ 300ರ ನಡುವೆ ಇರಬೇಕು" ಅಂದ್ರು. ದೊಡ್ಡಪ್ಪಾರ ಕೈಯಾಗ ಬರೋ ಹೊತ್ತಿಗೆ "ಇರಬೇಕು" ಉದುರಿ, ಬರೇ 295 ಉಳೀತು.

ಇನ್ನೊಂದು ಸೂಕ್ಷ್ಮ ಅದ. ಬಸ್ರಾ ಊರು ಹುಟ್ಟಿದ್ದೇ ಹಜರತ್ ಉಮರ್ ಖಲೀಫರ ಕಾಲದಾಗ, 630ರ ದಶಕದ ಕೊನೆಗೆ. ಮೊದಲು ಅದು ಅರಬ್ ದಂಡಿನ ಬಿಡಾರ. ದಾವಿದರ ಕಾಲಕ್ಕ ಬಸ್ರಾ ಅನ್ನೋದೇ ಇರಲಿಲ್ಲ. ಆ ಭಾಗದ ಹಳೇ ಬಿಷಪ್ ಪೀಠ ಇದ್ದದ್ದು ಪೆರಾತ್ ಮೈಶಾನ್ ಅನ್ನೋ ಊರಾಗ.

ಗವಿಮಠ ರಸ್ತೆ ಕೊಪ್ಪಳ

ಮಾಸ್ತರ್ರೇ, ನೀವೇ ಹೇಳಿದ್ರಿ ಆರೇಳು ನೂರು ವರ್ಷ ಆದ ಮ್ಯಾಲ ಬರದದ್ದು ಅಂತ. ಬರದಾವ ಯಾರೋ ಗೊತ್ತಿಲ್ಲ, ಇಲ್ಲದ ಊರಿಗೆ ಬಿಷಪ್‌ನ್ನ ಕುಂದ್ರಿಸ್ಯಾನ, ಹಾಳಿ ಅರ್ಧ ಹೋಗ್ಯಾವ. ಇಂಥಾದನ್ನ ಇತಿಹಾಸ ಅಂತ ಯಾಕ ಕರೀಬೇಕು? ನಮ್ಮ ಕಡೆ ಪ್ರತಿ ಮಠಕ್ಕೂ ಪ್ರತಿ ದರ್ಗಾಕ್ಕೂ ಹಿಂಥ ಪುರಾಣ ಅದಾವು. ಕಲ್ಲಿನ ಮ್ಯಾಲ ಕೆತ್ತಿದ್ದು ಐತೇನು? ಐತಿ ಅಂದ್ರ ಇತಿಹಾಸ. ಇಲ್ಲಾಂದ್ರ ಇಲ್ಲ. ಪಾಲ್ಕಿಗುಂಡಿನ ಬೆಟ್ಟ ಹತ್ತಿ ಅಶೋಕನ ಶಾಸನ ಮುಟ್ಟಿ ನೋಡಿದಾವ ನಾನು, ನನಗ ಇಂಥ ಕಾಗದ ಪತ್ರದ ಮ್ಯಾಲ ನಂಬಿಕಿ ಕಡಿಮಿ.

ಮ್ಯಾಲಾಗಿ ಆ ಕಾಲದಾಗ ಇಂಡಿಯಾ ಅಂದ್ರ ಯೆಮನ್ನೂ ಆಗ್ತಿತ್ತು, ಇಥಿಯೋಪಿಯಾನೂ ಆಗ್ತಿತ್ತು ಅಂತ ಓದೀನಿ.

ಕೋಟೆ ಮಾಸ್ತರ್ ರಾಯಚೂರು

ಕೊಪ್ಪಳದವರೇ, ಕೊನೆ ಮಾತು ಖರೇ ಅದ. ಗ್ರೀಕ್, ಸಿರಿಯಾಕ್ ಗ್ರಂಥಗಳಾಗ ಅಂಥ ಗೊಂದಲ ಆಗ್ಯಾವ. ಅದಕ್ಕೇ ದಾವಿದರ ಸಾಲಿನ ಮ್ಯಾಲ ಮನಿ ಕಟ್ಟಬಾರದು ಅನ್ನೋದು.

ಆದ್ರ ಬಸ್ರಾದ ವಿಷಯಕ್ಕ ಆ ಚರಿತ್ರೆ ಬರದಾವನ್ನ ಸುಳ್ಳುಗಾರ ಅನ್ನಬ್ಯಾಡ್ರಿ. "ಅಶೋಕ ಕೊಪ್ಪಳ ಜಿಲ್ಲೆಯೊಳಗ ಎರಡು ಶಾಸನ ಹಾಕಿಸ್ಯಾನ" ಅಂತ ನೀವೂ ಹೇಳ್ತೀರಿ, ಗೈಡೂ ಹೇಳ್ತಾನ. ಕೊಪ್ಪಳ ಜಿಲ್ಲೆ ಆಗಿದ್ದು 1997ರಾಗ. ಅದಕ್ಕ ಮುಂಚೆ ನೀವು ನಮ್ಮ ರಾಯಚೂರು ಜಿಲ್ಲೆದಾಗೇ ಇದ್ರಿ. ಅವನೂ ಹಂಗೇ, ಓದೋರಿಗೆ ತಿಳೀಲಿ ಅಂತ ತನ್ನ ಕಾಲದ ಹೆಸರು ಹಾಕ್ಯಾನ, ಅಷ್ಟೇ.

ಈ ಅನಾಮಧೇಯ ಮನುಷ್ಯ ತನ್ನ ತಲ್ಯಾಗಿಂದ ಹುಟ್ಟಿಸಿ ಬರದಾವ ಅಲ್ಲ. ಮುಂದಿಟ್ಟುಕೊಂಡ ಹಳೇ ಪುಸ್ತಕಗಳ ಹೆಸರು ಅಲ್ಲಲ್ಲಿ ಹೇಳ್ತಾನ. ಬಸ್ರಾದ ಮೆಟ್ರೊಪಾಲಿಟನ್ (ಬಿಷಪ್ಪರ ಮ್ಯಾಲಿನ ಹಿರಿಯ ಬಿಷಪ್) ಈಶೋದೆನಾಹ್ 9ನೇ ಶತಮಾನದಾಗ ಬರದ ಸಭಾ ಚರಿತ್ರೆ, ದಾನಿಯೇಲ್ ಬಾರ್ ಮರ್ಯಮ್ ಅನ್ನೋರದ್ದು, ಕುಸ್ತಾ ಇಬ್ನ್ ಲೂಕಾ ಅವರದ್ದು. ಈ ಚರಿತ್ರೆಗಳು ಒಂದೂ ಇವತ್ತು ಉಳಿದಿಲ್ಲ. ಅವುಗಳ ಚೂರು ಸಿಗೋದು ಇಂಥ ಪುಸ್ತಕದಾಗ ಮಾತ್ರ. ಕಲ್ಲು ಸಿಕ್ಕರ ನನಗೂ ಹಬ್ಬ, ಆದ್ರ ಟೈಗ್ರಿಸ್ ದಂಡಿ ಮ್ಯಾಲಿನ ಮಣ್ಣಿನ ಊರಾಗ ಪಾಲ್ಕಿಗುಂಡು ಎಲ್ಲಿಂದ ತರೋಣು?

ಒಂದು ಉದಾಹರಣೆ ಕೊಡ್ತೀನಿ. 260ರಾಗ ಇರಾನಿನ ಬಾದಶಹಾ ಮೊದಲನೇ ಶಾಪೂರ್, ರೋಮಿನ ಚಕ್ರವರ್ತಿ ವಲೇರಿಯನ್‌ನನ್ನೇ ಜೀವಂತ ಹಿಡದ. ಅಂತಿಯೋಕ್ಯ ಮತ್ತು ಸುತ್ತಿನ ಊರುಗಳ ಸಾವಿರಾರು ಮಂದಿಯನ್ನ ಕೈದಿ ಮಾಡಿ ತನ್ನ ದೇಶಕ್ಕ ಒಯ್ದ. ಅವರಾಗ ಕ್ರೈಸ್ತರು ಬಹಳ, ಬಿಷಪ್ಪರೂ ಇದ್ರು. ಯುದ್ಧ ಗೆದ್ದದ್ದು ಶಾಪೂರನೇ ನಕ್ಷ್-ಎ-ರುಸ್ತಮ್ ಕಲ್ಲಿನ ಮ್ಯಾಲ ಬರಸ್ಯಾನ, ಹೋಗಿ ನೋಡಬಹುದು. ಆದ್ರ ಆ ಕೈದಿಗಳು ಮುಂದ ಏನಾದ್ರು? ಅದನ್ನ ಕಲ್ಲು ಹೇಳೋದಿಲ್ಲ, ಸೀರ್ತ್ ಚರಿತ್ರೆ ಹೇಳ್ತದ. ಶಾಪೂರ ಅವರಿಗೆ ಹೊಲ ಮನಿ ಕೊಟ್ಟ, ಅವರು ಅಲ್ಲೇ ಬೇರೂರಿದ್ರು. ರೇವ್ ಅರ್ದಶೀರ್ ಊರಾಗ ಎರಡು ಚರ್ಚು ಕಟ್ಟಿದ್ರು, ಒಂದಕ್ಕ ರೋಮನರ ಚರ್ಚು ಅಂತ ಹೆಸರು, ಇನ್ನೊಂದಕ್ಕ ಕರ್ಮಾನದವರದು. ಒಂದೇ ಊರಾಗ ಗ್ರೀಕ್‌ನಾಗೂ ಪ್ರಾರ್ಥನೆ, ಸಿರಿಯಾಕ್‌ನಾಗೂ ಪ್ರಾರ್ಥನೆ. ಸೋತು ಬಂದ ಮಂದಿ ಹೆಂಗ ಬದುಕಿದ್ರು ಅನ್ನೋದು ಯಾವ ರಾಜನ ಶಾಸನದಾಗ ಸಿಗ್ತದ, ಹೇಳ್ರಿ ನೋಡೋಣು.

ತಂಗಿ, ಈ ರೇವ್ ಅರ್ದಶೀರ್ ಊರು ನಿಮ್ಮ ಲೇಖನಕ್ಕೂ ಬೇಕು. ಅದು ಇರಾನಿನ ಫಾರ್ಸ್ ಸೀಮಿದು, ಕೊಲ್ಲಿ ಕಡೆ. ನಮ್ಮ ಪಡುವಣ ಕರಾವಳಿಗೆ ಹಡಗು ಬರ್ತಿದ್ದ ದಾರಿ ಅದು. 5ನೇ ಶತಮಾನದಾಗ ಅಲ್ಲಿಯ ಮೆಟ್ರೊಪಾಲಿಟನ್ ಮಾನಾ ಅಂತ ಇದ್ರು. ಎದೆಸ್ಸಾ (ಈಗಿನ ತುರ್ಕಿಯ ಉರ್ಫಾ) ಊರಿನ ಶಾಲೆಯೊಳಗ ಓದಿ, ಗ್ರೀಕ್ ಪುಸ್ತಕಗಳನ್ನ ಸಿರಿಯಾಕ್‌ಗೆ ತಂದವರು. ಅವರು ಫಾರಸಿಯೊಳಗ ಭಕ್ತಿಗೀತೆ, ಪ್ರವಚನ ಬರದು, ಪುಸ್ತಕಗಳನ್ನ ಕೊಲ್ಲಿಯ ದ್ವೀಪಗಳಿಗೆ ಮತ್ತು ಹಿಂದ್ ದೇಶಕ್ಕ ಕಳಿಸಿದ್ರು ಅಂತ ಇದೇ ಚರಿತ್ರೆ ಹೇಳ್ತದ. ನನ್ನ ಮಟ್ಟಿಗೆ ಇದು ದಾವಿದರ ಸಾಲಿಗಿಂತ ತೂಕದ್ದು. ಯಾಕಂದ್ರ ಇದಕ್ಕ ಹೊರಗಿನ ಸಾಕ್ಷಿ ಅದಾವ. 6ನೇ ಶತಮಾನದಾಗ ಕಾಸ್ಮಾಸ್ ಅನ್ನೋ ಅಲೆಕ್ಸಾಂಡ್ರಿಯಾದ ವ್ಯಾಪಾರಿ, ಮೆಣಸು ಬೆಳಿಯೋ ಮಲೆ ನಾಡಾಗ ಕ್ರೈಸ್ತರು ಅದಾರ, ಕಲ್ಲಿಯಾನ ಅನ್ನೋ ಊರಾಗ ಇರಾನದಿಂದ ನೇಮಕ ಆದ ಬಿಷಪ್ ಅದಾರ ಅಂತ ಗ್ರೀಕ್‌ನಾಗ ಬರದಾನ. 849ರ ಕೊಲ್ಲಂ ತಾಮ್ರಪಟದ ಮ್ಯಾಲ ಸಾಕ್ಷಿದಾರರ ರುಜು ಕೂಫಿ ಅರಬ್ಬಿ, ಪಹ್ಲವಿ (ಹಳೇ ಫಾರಸಿ), ಹೀಬ್ರೂ ಮೂರು ಲಿಪಿಯೊಳಗ ಅವ. ಕೊಪ್ಪಳದವರಿಗೆ ತಾಮ್ರ ನಡೀತದಲ್ಲ?

ನನಗ ಈ ಪುಸ್ತಕದಾಗ ಭಾಳ ಹಿಡಿಸಿದ ಮನುಷ್ಯ ಮಾತ್ರ ಬಿಷಪ್ ಅಲ್ಲ, ಒಬ್ಬ ವ್ಯಾಪಾರಿ. ಹೆಸರು ಹಯ್ಯಾನ್, ಊರು ನಜ್ರಾನ್, ಈಗಿನ ಸೌದಿಯ ತೆಂಕಣ ತುದಿ. ಇರಾನಿನ ಯಜ್ದಗಿರ್ದ್ ಬಾದಶಹನ ಕಾಲದಾಗ ಅವ ವ್ಯಾಪಾರಕ್ಕ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಬಂದ. ದೊಡ್ಡ ದೊಡ್ಡ ಚರ್ಚು, ಚಕ್ರವರ್ತಿ, ಸಾಕ್ಷಾತ್ ಕ್ರೈಸ್ತ ರಾಜಧಾನಿ. ಅಲ್ಲಿ ಅವನಿಗೆ ಏನೂ ಅನಿಸಿದಂಗಿಲ್ಲ, ಲೆಕ್ಕಾ ಚುಕ್ತಾ ಮಾಡಿಕೊಂಡು ಊರಿಗೆ ಬಂದ. ಮುಂದ ಇರಾನಿಗೆ ಹೊಂಟಾಗ ಇರಾಕಿನ ಹೀರಾ ಊರಿನ ಮ್ಯಾಲ ಹಾದು ಹೋಗಬೇಕಾತು. ಅಲ್ಲಿಯ ಕ್ರೈಸ್ತರ ಜೋಡಿ ಕುಂತು ಎದ್ದು, ಅವರ ಮಾತು ಕೇಳಿ, ದೀಕ್ಷಾಸ್ನಾನ ಮಾಡಿಸಿಕೊಂಡು, ಸ್ವಲ್ಪ ಕಾಲ ಅಲ್ಲೇ ನಿಂತ. ಹೀರಾದವರು ಅವನಂಗೇ ಅರಬ್ಬಿ ಮಂದಿ. ಆಮ್ಯಾಲ ಊರಿಗೆ ಬಂದು ಮೊದಲು ಮನಿಯವರಿಗೆ, ನಂತರ ಊರವರಿಗೆ ಹೇಳಿದ. ನಜ್ರಾನಿಗೆ ಕ್ರೈಸ್ತ ಧರ್ಮ ಬಂದ ಕಥೆ ಇದು. ಬೇರೆ ಗ್ರಂಥಗಳಾಗ ಬೇರೆ ಕಥೆ ಅವ, ಸಂತ ಬಂದ, ಪವಾಡ ಆತು ಅಂತ. ಇದರಾಗ ಪವಾಡ ಇಲ್ಲ. ಸರಕು ಹೊತ್ತ ಒಂಟಿ, ದಾರಿ, ಪರಿಚಯ. ಇದನ್ನ ಓದಿದ ದಿನ ನಾನು ಮೊಮ್ಮಗನಿಗೆ ಟ್ಯಾಬ್ ತಿರುಗಿ ಕೊಡಲೇ ಇಲ್ಲ.

ಹಂಪಿ ಎಕ್ಸ್‌ಪ್ರೆಸ್

ಸರಿ ಮಾಸ್ತರ್ರೇ, ನಿದ್ದೆ ಮಾಡೋ ಸಲಹೆ ವಾಪಸ್. ಒಂದು ಕೇಳಬೇಕಿತ್ತು. ನಜ್ರಾನ್ ಅಂದಿರಲ್ಲ, ಪ್ರವಾದಿಯವರು ನಜ್ರಾನಿನ ಕ್ರೈಸ್ತರಿಗೆ ಬರೆದುಕೊಟ್ಟ ಅಭಯಪತ್ರ ಇದೇ ಸೀರ್ತ್ ಪುಸ್ತಕದಲ್ಲಿದೆ ಅಂತ ಒಂದು ವಿಡಿಯೊ ನೋಡಿದ್ದೆ. ನಿಜವಾ?

ಕೋಟೆ ಮಾಸ್ತರ್ ರಾಯಚೂರು

ಅಂಥ ಒಂದು ಪತ್ರದ ಪಾಠ ಅದರಾಗ ಅದ, ಉದ್ದಕ್ಕ ಅದ. ಸಿಕ್ಕ ಕಥೆನೂ ಅದ. ಹಿಜರಿ 265ರಾಗ, ಅಂದ್ರ 878-79ರಾಗ, ಹಬೀಬ್ ಅನ್ನೋ ಸನ್ಯಾಸಿಗೆ ಸಿಕ್ತಂತ. ಎತ್ತಿನ ಚರ್ಮದ ಮ್ಯಾಲ ಬರದದ್ದು, ಹಳದಿ ತಿರುಗಿತ್ತು, ಮ್ಯಾಲ ಮೊಹರು ಇತ್ತು ಅಂತ ಹೇಳ್ತದ.

ಇತಿಹಾಸಕಾರರು ಇದನ್ನ ಅಸಲಿ ಪತ್ರ ಅಂತ ಒಪ್ಪೋದಿಲ್ಲ. ನಜ್ರಾನಿನವರ ಜೋಡಿ ಒಪ್ಪಂದ ಆಗಿದ್ದು ಮುಸ್ಲಿಂ ಚರಿತ್ರೆಕಾರರೂ ಹೇಳ್ತಾರ, ಅದು ಬೇರೆ, ಸಣ್ಣದು. ಇದರ ಭಾಷಾ, ಉದ್ದ, ರಿಯಾಯಿತಿಗಳ ಪಟ್ಟಿ ನೋಡಿದ್ರ ಅಬ್ಬಾಸಿ ಕಾಲದ ವಾಸನಿ ಬರ್ತದ. ಚರ್ಚು ಕೆಡವಬಾರದು, ಸನ್ಯಾಸಿಗಳ ಹತ್ರ ತಲೆಗಂದಾಯ ವಸೂಲಿ ಮಾಡಬಾರದು ಅಂತ ಪತ್ರ ಹೇಳ್ತದ. ಆ ಕಾಲದಾಗ ಅವರಿಗೆ ಅಮಲ್ದಾರರ ಮುಂದ ಹಿಡಿಯೋಕ ಒಂದು ಕಾಗದ ಬೇಕಾಗಿತ್ತು. ಜಮೀನಿನ ತಂಟೆ ಇರೋ ಮನಿಯೊಳಗ ಹಳೇ ಸನದು ಒಮ್ಮಿಂದೊಮ್ಮೆಲೇ ಪೆಟ್ಟಿಗ್ಯಾಗಿಂದ ಹೊರಗ ಬರೋದನ್ನ ನಾವು ನೋಡಿಲ್ಲೇನು? ನಮಾಜಿ ಮನುಷ್ಯನಾಗಿ ಪತ್ರದಾಗಿನ ಮಾತು ನನಗ ಚಲೋ ಅನಿಸ್ತಾವ. ಮಾಸ್ತರ್ ಆಗಿ ಅಸಲಿ ಅನ್ನಲಿಕ್ಕೆ ಆಗೋದಿಲ್ಲ. ವಿಡಿಯೊ ಮಾಡಿದವರು ಎರಡನೇ ಮಾತು ಹೇಳಿರಲಿಕ್ಕಿಲ್ಲ.

ಕೌಲ್ ಬಜಾರ್ ಬಳ್ಳಾರಿ

ನಾನು ಲೈಬ್ರರಿಯಲ್ಲಿ ಕೆಲಸ ಮಾಡಿದವಳು, ಆದ್ದರಿಂದ ಪುಸ್ತಕ ಉಳಿದ ಬಗೆ ಬಗ್ಗೆ ಸ್ವಲ್ಪ ಸೇರಿಸ್ತೀನಿ. ಮಾಸ್ತರರು ಮ್ಯಾಲಿನ ಅರ್ಧ ಓದಿದರಲ್ಲ, ಆ ಪುಟವನ್ನ ಅಚ್ಚಿಗೆ ತಂದವರ ಹೆಸರು ಅದ್ದೈ ಶೇರ್. ಹುಟ್ಟಿದ್ದು 1867, ಈಗಿನ ಉತ್ತರ ಇರಾಕಿನ ಶಕ್ಲಾವಾದಲ್ಲಿ. 1902ರಲ್ಲಿ ಸೀರ್ತಿನ ಕಾಲ್ದಿಯನ್ (ಪೂರ್ವದ ಸಭೆಯಿಂದ ಬಂದು ಪೋಪರನ್ನ ಒಪ್ಪಿದ ಶಾಖೆ) ಆರ್ಚ್‌ಬಿಷಪ್ ಆದರು. ಅಲ್ಲಿದ್ದ ಹಸ್ತಪ್ರತಿಗಳಿಗೆ ತಾವೇ ಕೂತು ಕ್ಯಾಟಲಾಗ್ ಮಾಡಿದರು. ಅರಬ್ಬಿಯಲ್ಲಿ ಸೇರಿಹೋದ ಫಾರಸಿ ಪದಗಳ ಮೇಲೆ ಒಂದು ನಿಘಂಟನ್ನೂ ಬರೆದಿದ್ದಾರೆ, ಬೇರೂತಿನಲ್ಲಿ 1908ರಲ್ಲಿ ಬಂತು. ಅದೇ ವರ್ಷ ಈ ಚರಿತ್ರೆಯ ಮೊದಲ ಕಂತೂ ಬಂತು. ಒಂದು ಭಾಗ ಸೀರ್ತಿನಲ್ಲಿ, ಇನ್ನೊಂದು ಮೋಸುಲಿನಲ್ಲಿ ಸಿಕ್ಕಿದ್ದನ್ನ ಒಂದೇ ಕೃತಿಯ ತುಂಡುಗಳು ಅಂತ ಗುರುತು ಹಿಡಿದು ಜೋಡಿಸಿದ್ದು ಅವರೇ.

1915ರ ಜೂನ್‌ನಲ್ಲಿ ಒಟ್ಟೋಮನ್ ಸಾಮ್ರಾಜ್ಯದಲ್ಲಿ ಅರ್ಮೇನಿಯನ್ನರ, ಅಸಿರಿಯನ್ನರ ನರಮೇಧ ನಡೆದಾಗ ಸೀರ್ತಿನ ಕ್ರೈಸ್ತರನ್ನೂ ಕೊಂದರು. ಒಬ್ಬ ಕುರ್ದ್ ಮುಖ್ಯಸ್ಥ ಶೇರ್ ಅವರನ್ನ ಕೆಲ ದಿನ ಬಚ್ಚಿಟ್ಟು ಕಾಪಾಡಿದ. ಕೊನೆಗೆ ಸಿಕ್ಕಿಬಿದ್ದರು, ಗುಂಡಿಟ್ಟು ಕೊಂದರು. ಅವರ ಗ್ರಂಥಾಲಯದ ಬಹುಪಾಲು ಹಸ್ತಪ್ರತಿಗಳು ಆಗಲೇ ಹಾಳಾದವು. ಚರಿತ್ರೆಯ ಕೊನೆಯ ಕಂತು ಅಚ್ಚಾಗಿ ಬಂದಿದ್ದು 1919ರಲ್ಲಿ, ಅವರು ಸತ್ತು ನಾಲ್ಕು ವರ್ಷಕ್ಕೆ.

ಕೆಟಲಾಗ್ ಕಾರ್ಡ್ ಬರೆಯೋ ಕೆಲಸ ಅಂದರೆ ಗುಮಾಸ್ತಗಿರಿ ಅಂತ ನನಗೆ ಬಹಳ ಜನ ಹೇಳಿದ್ದಾರೆ. ಆ ಸೀರ್ತಿನ ಎಷ್ಟೋ ಹಸ್ತಪ್ರತಿಗಳ ಪೈಕಿ ಇವತ್ತು ಉಳಿದಿರೋದು ಶೇರ್ ಬರೆದ ಕ್ಯಾಟಲಾಗಿನ ನಮೂದು ಮಾತ್ರ.

ಅಂದ ಹಾಗೆ ಮುದಗಲ್ಲಿನವರೇ, ಅದೇ 1915ರಲ್ಲಿ ನಿಮ್ಮ ಪಕ್ಕದ ಮಸ್ಕಿಯಲ್ಲಿ ಚಿನ್ನ ಹುಡುಕ್ತಿದ್ದ ಬೀಡನ್ ಅನ್ನೋ ಇಂಜಿನಿಯರ್‌ಗೆ ಅಶೋಕನ ಹೆಸರೇ ಇದ್ದ ಶಾಸನ ಸಿಕ್ಕಿತು. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ಕೊಪ್ಪಳದವರಿಗೆ ಖುಷಿ ಆಗಲಿ ಅಂತ ಹೇಳಿದೆ.

ಗವಿಮಠ ರಸ್ತೆ ಕೊಪ್ಪಳ

ಖುಷಿ ಆತ್ರಿ ಮೇಡಮ್. ತಾಮ್ರಾನೂ ನಡೀತೈತಿ ಮಾಸ್ತರ್ರೇ. ಆದ್ರ ಮುದಗಲ್ ನಡೆಯಂಗಿಲ್ಲ, ಅದೊಂದು ಮಾತು ನಂದು.

ಮುದಗಲ್ ಡಿಟಿಪಿ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಇಷ್ಟು ಉತ್ತರ ಬರ್ತಾವಂತ ಅನ್ಕೊಂಡಿರಲಿಲ್ಲ. ಎಲ್ಲಾ ಪ್ರಿಂಟ್ ತಗದು ದೊಡ್ಡಪ್ಪಾರ ಕೈಯಾಗ ಕೊಟ್ಟೆ. ನಾನಾಗೇ ಹೇಳಿದ್ರ ಕೇಳ್ತಿದ್ದಿಲ್ಲ, ರಾಯಚೂರಿನ ಅರಬ್ಬಿ ಮಾಸ್ತರ್ರು ಅಂದಕೂಡಲೇ ಚಾಳೀಸು ಹಾಕ್ಕೊಂಡು ಕುಂತ್ರು.

ಮೊದಲು ಸಿಟ್ಟಿಗೆದ್ರು. "ಮುದಗಲ್ ತಗದ್ರ ಲೇಖನದಾಗ ಏನ್ ಉಳೀತು?" ಅಂದ್ರು. ಆಮ್ಯಾಲ ಹಯ್ಯಾನ್ ಕಥಿ ಎರಡು ಸಲ ಓದಿದ್ರು. ನಮ್ಮ ದೊಡ್ಡಪ್ಪಾರು ಒಂದು ಕಾಲಕ್ಕ ಇಳಕಲ್ ಸೀರಿ ಗಂಟು ಹೊತ್ತು ಊರೂರು ತಿರುಗಿ ಮಾರಿದವರು, ಅದು ಅವರಿಗೆ ಹತ್ತೈತಿ ಅಂತ ಕಾಣ್ತದ. ಕೊನಿಗೆ ಅವರ ಬಾಯಿಂದನೇ ಬರಿಸಿಕೊಂಡಿದ್ದು ಹಿಂಗೈತಿ, ಸರಿ ಐತೇನು ನೋಡ್ರಿ:

"ಕೃಷ್ಣಾ ತುಂಗಭದ್ರಾ ನಡುವಿನ ನಮ್ಮ ಸೀಮೆಗೆ ಕ್ರೈಸ್ತ ಧರ್ಮ ಬಂದದ್ದು 16ನೇ ಶತಮಾನದಲ್ಲಿ. ಅದಕ್ಕೂ ಬಹಳ ಹಿಂದೆ ಇರಾಕ್ ಮತ್ತು ಇರಾನಿನ ಕ್ರೈಸ್ತರು ಸಮುದ್ರಮಾರ್ಗವಾಗಿ ಭಾರತದೊಡನೆ ಸಂಪರ್ಕ ಇಟ್ಟುಕೊಂಡಿದ್ದರು. ರೇವ್ ಅರ್ದಶೀರಿನ ಮಾನಾ ಎಂಬವರು ಭಾರತಕ್ಕೆ ಪುಸ್ತಕಗಳನ್ನು ಕಳಿಸಿದರೆಂದು, ಅವರಿಗೂ ಮುಂಚೆ ದಾವಿದ್ ಎಂಬ ಬಿಷಪ್ಪರು ಭಾರತಕ್ಕೆ ಹೋದರೆಂದು, 10-11ನೇ ಶತಮಾನದಲ್ಲಿ ಅರಬ್ಬಿಯಲ್ಲಿ ಬರೆದ ಸೀರ್ತ್ ಚರಿತ್ರೆ ಹೇಳುತ್ತದೆ."

ಹಯ್ಯಾನ್ ಕಥಿ ಬ್ಯಾರೆ ಬಾಕ್ಸ್ ಕಟ್ಟಿ ಹಾಕೀನಿ, ರಸಗೊಬ್ಬರದ ಜಾಹೀರಾತಿನ ಎದುರು ಪುಟದಾಗ ಜಾಗ ಇತ್ತು. ಅದ್ದೈ ಶೇರ್ ಅವರ ಬಗ್ಗೆನೂ ನಾಲ್ಕು ಸಾಲು ಹಾಕ್ರಿ ಅಂತ ಫಾದರ್ ಹೇಳ್ಯಾರ. ಬಳ್ಳಾರಿ ಮೇಡಮ್, ನೀವು ಬರದದ್ದನ್ನೇ ಸ್ವಲ್ಪ ಸಣ್ಣದು ಮಾಡಿ ಹಾಕ್ಲೇನ್ರಿ?

ಒಂದು ಸಮಸ್ಯೆ ಉಳದೈತಿ. ಬಾಕ್ಸಿನ ಮ್ಯಾಲ ಚಂದ ಕಾಣ್ಲಿ ಅಂತ ದೊಡ್ಡಪ್ಪಾರು ಹಯ್ಯಾನ್ ಹೆಸರು ಅರಬ್ಬಿಯೊಳಗೂ ಬೇಕು ಅಂತಾರ. ಪೇಜ್‌ಮೇಕರ್‌ನಾಗ ಪೇಸ್ಟ್ ಮಾಡಿದ್ರ ಅಕ್ಷರ ಬಿಡಿ ಬಿಡಿ ಆಗಿ ಉಲ್ಟಾ ಕುಂದರ್ತಾವು. ನನಗ ಓದಾಕ ಬರಂಗಿಲ್ಲ, ಉಲ್ಟಾ ಐತೋ ಸುಲ್ಟಾ ಐತೋ ಹೆಂಗ ತಿಳೀಬೇಕು?

ಕೌಲ್ ಬಜಾರ್ ಬಳ್ಳಾರಿ

ಧಾರಾಳವಾಗಿ ಹಾಕಿ. ಶಕ್ಲಾವಾ ಅನ್ನೋದರ ದೀರ್ಘ ಮಾತ್ರ ಬಿಡಬೇಡಿ.

ಕೋಟೆ ಮಾಸ್ತರ್ ರಾಯಚೂರು

ಪ್ಯಾರಾ ಚಲೋ ಅದ ತಂಗಿ. "ಹೇಳುತ್ತದೆ" ಅಂತ ಬರದೀರಲ್ಲ, ಅಷ್ಟು ಸಾಕು. ದೊಡ್ಡಪ್ಪಾರಿಗೆ ನನ್ನ ಸಲಾಮ್ ಹೇಳ್ರಿ, ರಾಯಚೂರಿಗೆ ಬಂದಾಗ ಕೋಟಿ ಕಡೆ ಬರಲಿ, ಚಹಾ ನಂದು.

ಅರಬ್ಬಿ ಅಕ್ಷರ ಪೇಜ್‌ಮೇಕರ್‌ಗೆ ತಿಳಿಯೋದಿಲ್ಲ. ನಾನು ಬೋರು ಲೇಖನಿಯಿಂದ ಬಿಳಿ ಹಾಳಿ ಮ್ಯಾಲ ಕರೇ ಮಸಿಯಾಗ ಬರದು, ಮೊಮ್ಮಗನ ಕಡಿಂದ ಸ್ಕ್ಯಾನ್ ಮಾಡಿಸಿ ಕಳಸ್ತೀನಿ. ನೀವು ಚಿತ್ರ ಅಂತ ಕುಂದ್ರಸ್ರಿ. ಬಲಗಡೆಯಿಂದ ಶುರು ಆಗ್ತದ, ತಿರುವಿ ಮುರುವಿ ಮಾಡಬ್ಯಾಡ್ರಿ. ಪುಟ ಕಟ್ಟಿದ ಮ್ಯಾಲ ಶುಕ್ರವಾರ ಪಿಡಿಎಫ್ ಹಾಕ್ರಿ, ಜುಮ್ಮಾ ನಮಾಜ್ ಮುಗಿಸಿ ಬಂದು ನೋಡಿ ಹೇಳ್ತೀನಿ.